ದ್ರವದ ಹರಿವು ಮತ್ತು ಸ್ನಿಗ್ಧತೆ: ಫಾರ್ಮಸಿ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಫಾರ್ಮ್ ಮೂರನೇ ಸೆಮಿಸ್ಟರಿನ ಫಾರ್ಮಾಸ್ಯುಟಿಕಲ್ ಎಂಜಿನಿಯರಿಂಗ್‌ನಲ್ಲಿ ಪೈಪಿನ ಹರಿವು ಬರುತ್ತದೆ, ನಾಲ್ಕನೇ ಸೆಮಿಸ್ಟರಿನ ಫಿಸಿಕಲ್ ಫಾರ್ಮಾಸ್ಯುಟಿಕ್ಸ್‌ನಲ್ಲಿ ರಿಯಾಲಜಿ, ಅಂದರೆ ವಸ್ತುಗಳು ಹರಿಯುವ ಬಗೆಯ ಅಧ್ಯಯನ, ಬರುತ್ತದೆ. ಎರಡೂ ಒಂದೇ ವಿಷಯದ ಎರಡು ಮಗ್ಗುಲು. ಆದರೆ ಬೇರೆ ಬೇರೆ ಪುಸ್ತಕದಲ್ಲಿ ಓದುವುದರಿಂದ ಸಂಬಂಧ ಕಾಣದೆ ಹೋಗುತ್ತದೆ. ಇಲ್ಲಿ ಎರಡನ್ನೂ ಸೇರಿಸಿದ್ದೇವೆ.

ದಪ್ಪಗಿರುವ ದ್ರವ ಭಾರವೂ ಇರಬೇಕಲ್ಲವೇ?

ಬೇಕಿಲ್ಲ. ಹರಳೆಣ್ಣೆಯ ಸಾಂದ್ರತೆ ಸುಮಾರು 0.96, ನೀರಿನ ಮೇಲೆ ತೇಲುತ್ತದೆ. ಆದರೂ ಕೋಣೆಯ ಉಷ್ಣತೆಯಲ್ಲಿ ಅದರ ಸ್ನಿಗ್ಧತೆ, ಅಂದರೆ ಲ್ಯಾಬಿನಲ್ಲಿ ಎಲ್ಲರೂ ಹೇಳುವ ವಿಸ್ಕಾಸಿಟಿ, ನೀರಿನದಕ್ಕಿಂತ ನೂರಾರು ಪಟ್ಟು ಹೆಚ್ಚು. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ, ವಿಸ್ಕಾಸಿಟಿ ಮಾತ್ರ ನೀರಿನ ಒಂದೂವರೆ ಪಟ್ಟು.

ಸಾಂದ್ರತೆ ಎಂದರೆ ಇಷ್ಟು ಜಾಗದಲ್ಲಿ ಎಷ್ಟು ತೂಕ ಇದೆ ಎಂಬ ಲೆಕ್ಕ. ವಿಸ್ಕಾಸಿಟಿ ಎಂದರೆ ದ್ರವದ ಒಂದು ಪದರ ಪಕ್ಕದ ಪದರದ ಮೇಲೆ ಜಾರುವಾಗ ಎದುರಾಗುವ ತಡೆ. ಕೊಳವೆಯಲ್ಲಿ ಗೋಡೆಗೆ ಅಂಟಿದ ಪದರ ಅಲ್ಲೇ ನಿಂತಿರುತ್ತದೆ, ನಡುವಿನದು ಎಲ್ಲಕ್ಕಿಂತ ವೇಗವಾಗಿ ಓಡುತ್ತದೆ. ಪದರದಿಂದ ಪದರಕ್ಕೆ ವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬುದು ಶಿಯರ್ ರೇಟ್. ಅದರ ಮಾನ 'ಪ್ರತಿ ಸೆಕೆಂಡಿಗೆ'. ಪದರವನ್ನು ಎಳೆಯಲು ಒಂದು ಚದರ ಮೀಟರಿಗೆ ಬೇಕಾದ ಬಲ ಶಿಯರ್ ಸ್ಟ್ರೆಸ್. ನ್ಯೂಟನ್ನನ ನಿಯಮ ಇಷ್ಟೇ:

ಶಿಯರ್ ಸ್ಟ್ರೆಸ್ = ವಿಸ್ಕಾಸಿಟಿ × ಶಿಯರ್ ರೇಟ್

ಪಾಯ್ಸ್, ಸೆಂಟಿಪಾಯ್ಸ್, ಪಾಸ್ಕಲ್-ಸೆಕೆಂಡ್, ಸ್ಟೋಕ್ಸ್: ಯಾವುದನ್ನು ಬರೆಯಬೇಕು?

1 ಪಾಯ್ಸ್ ಎಂದರೆ 100 ಸೆಂಟಿಪಾಯ್ಸ್. 1 ಸೆಂಟಿಪಾಯ್ಸ್ ಮತ್ತು 1 ಮಿಲಿಪಾಸ್ಕಲ್-ಸೆಕೆಂಡ್ ಒಂದೇ, ಅಂಕಿ ಬದಲಾಗುವುದಿಲ್ಲ. ಹೊಸ ದಾಖಲೆಗಳಲ್ಲಿ ಮಿಲಿಪಾಸ್ಕಲ್-ಸೆಕೆಂಡ್ ಬಳಸಿ. ಸ್ಟೋಕ್ಸ್ ಬೇರೆಯೇ ಸಂಗತಿ: ವಿಸ್ಕಾಸಿಟಿಯನ್ನು ಸಾಂದ್ರತೆಯಿಂದ ಭಾಗಿಸಿದಾಗ ಸಿಗುವ ಕೈನಮ್ಯಾಟಿಕ್ ವಿಸ್ಕಾಸಿಟಿಯ ಮಾನ ಅದು. 1 ಸೆಂಟಿಸ್ಟೋಕ್ಸ್ ಎಂದರೆ ಸೆಕೆಂಡಿಗೆ 1 ಚದರ ಮಿ.ಮೀ. ತನ್ನ ತೂಕದಿಂದಲೇ ದ್ರವ ಇಳಿಯುವ ಗಾಜಿನ ಯು-ಟ್ಯೂಬು ನೇರವಾಗಿ ಕೊಡುವುದು ಈ ಕೈನಮ್ಯಾಟಿಕ್ ಬೆಲೆಯನ್ನೇ. ಸಾಂದ್ರತೆಯಿಂದ ಗುಣಿಸಲು ಮರೆತ ರೆಕಾರ್ಡುಗಳು ಪ್ರತಿ ಬ್ಯಾಚಿನಲ್ಲೂ ಸಿಗುತ್ತವೆ.

ಉಷ್ಣತೆ ಬರೆಯದಿದ್ದರೆ ಅಷ್ಟು ದೊಡ್ಡ ತಪ್ಪೇ?

ಹೌದು, ಉಷ್ಣತೆ ಇಲ್ಲದ ವಿಸ್ಕಾಸಿಟಿ ಅಂಕಿಗೆ ಅರ್ಥವೇ ಇಲ್ಲ. ನೀರನ್ನೇ ನೋಡಿ: 20° ಸೆಲ್ಸಿಯಸ್‌ನಲ್ಲಿ 1.002, 25°ಯಲ್ಲಿ 0.890, 30°ಯಲ್ಲಿ 0.798, 40°ಯಲ್ಲಿ 0.653 ಮಿಲಿಪಾಸ್ಕಲ್-ಸೆಕೆಂಡ್. ಬೇಸಿಗೆಯಲ್ಲಿ ಕಲಬುರಗಿಯ ಲ್ಯಾಬಿನಲ್ಲಿ ವಾಟರ್ ಬಾತ್ ಇಲ್ಲದೆ ಓದು ತೆಗೆದು, ಪುಸ್ತಕದಲ್ಲಿರುವ 25°ಯ ಬೆಲೆ ಹಾಕಿದರೆ, ಮೊದಲ ಸಾಲಿನಲ್ಲೇ ಕಾಲು ಭಾಗಕ್ಕಿಂತ ಹೆಚ್ಚು ದೋಷ ಸೇರಿಕೊಂಡಿರುತ್ತದೆ.

ಗ್ಲಿಸರಿನ್ ಇನ್ನೂ ಸೂಕ್ಷ್ಮ. 20°ಯಲ್ಲಿ ಸುಮಾರು 1,410 ಇದ್ದದ್ದು 30°ಗೆ ಬರುವಷ್ಟರಲ್ಲಿ ಸುಮಾರು 610ಕ್ಕೆ ಇಳಿಯುತ್ತದೆ. ಮಲೆನಾಡಿನ ಮನೆಗಳಲ್ಲಿ ಚಳಿಗೆ ಡಬ್ಬಿಯಿಂದ ಅಲುಗದ ಜೋನಿಬೆಲ್ಲ ಬೇಸಿಗೆಯಲ್ಲಿ ಸಲೀಸಾಗಿ ಸುರಿಯುವುದೂ ಇದೇ ಕಾರಣಕ್ಕೆ. ದ್ರವದ ಅಣುಗಳು ಬಿಸಿಯಾದಂತೆ ಪರಸ್ಪರ ಹಿಡಿತ ಸಡಿಲಿಸುತ್ತವೆ. ಅನಿಲಗಳಲ್ಲಿ ಇದು ಉಲ್ಟಾ: ಬಿಸಿಯಾದಷ್ಟೂ ಅಣುಗಳ ಡಿಕ್ಕಿ ಹೆಚ್ಚಿ ವಿಸ್ಕಾಸಿಟಿ ಏರುತ್ತದೆ.

ಗ್ಲಿಸರಿನ್ ಬಗ್ಗೆ ಇನ್ನೊಂದು ಎಚ್ಚರಿಕೆ. ಅದು ಗಾಳಿಯಿಂದ ತೇವ ಹೀರುತ್ತದೆ. 20°ಯಲ್ಲಿ ತೂಕದ ಶೇ. 5ರಷ್ಟು ನೀರು ಸೇರಿದರೆ ಸಾಕು, 1,410 ಇದ್ದದ್ದು ಸುಮಾರು 520 ಆಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು ಕಡೆಯ ಲ್ಯಾಬುಗಳಲ್ಲಿ, ಮುಚ್ಚಳ ತೆರೆದಿಟ್ಟ ಬಾಟಲಿಯ ಗ್ಲಿಸರಿನ್ನಿಗೆ ಓದು ಕಡಿಮೆ ಬಂದರೆ ಉಪಕರಣವನ್ನು ಬೈಯಬೇಡಿ.

ಆಸ್ಟ್‌ವಾಲ್ಡ್ ವಿಸ್ಕೋಮೀಟರ್ ಪ್ರಯೋಗವನ್ನು ಸರಿಯಾಗಿ ಮಾಡುವುದು ಹೇಗೆ?

ಆಸ್ಟ್‌ವಾಲ್ಡ್ ಎಂದರೆ ಮೇಲೆ ಹೇಳಿದ ಗಾಜಿನ ಯು-ಟ್ಯೂಬೇ: ಒಂದು ಕಾಲು ಅಗಲ, ಇನ್ನೊಂದರಲ್ಲಿ ಬಲ್ಬು ಮತ್ತು ಅದರ ಕೆಳಗೆ ಸಣ್ಣ ರಂಧ್ರದ ಕ್ಯಾಪಿಲರಿ. ಮೊದಲು ತೊಳೆಯುವುದು. ಲ್ಯಾಬಿನ ಕ್ಲೀನಿಂಗ್ ದ್ರಾವಣ, ಆಮೇಲೆ ಡಿಸ್ಟಿಲ್ಡ್ ನೀರು, ಕೊನೆಗೆ ಅಸಿಟೋನ್, ಪೂರ್ತಿ ಒಣಗಿರಬೇಕು. ಕ್ಯಾಪಿಲರಿಯ ಒಳಗೋಡೆಗೆ ಎಣ್ಣೆಯ ಪಸೆ ಅಂಟಿದ್ದರೆ ದ್ರವ ಇಳಿದ ಮೇಲೂ ಬಲ್ಬಿನ ಗೋಡೆಯಲ್ಲಿ ಹನಿಗಳು ನಿಲ್ಲುತ್ತವೆ. ಆ ಹನಿ ಕಂಡರೆ ಮತ್ತೆ ತೊಳೆಯಿರಿ.

ಟ್ಯೂಬನ್ನು ಒಂದೇ ಕಾಲು ಹಿಡಿದು ಎತ್ತಿ. ಎರಡೂ ಕಾಲನ್ನು ಸೇರಿಸಿ ಅದುಮಿದರೆ ಬಾಗಿದ ಜಾಗದಲ್ಲಿ ಪಟ್ ಎಂದು ಮುರಿಯುತ್ತದೆ. ಸ್ಟ್ಯಾಂಡಿನ ಕ್ಲ್ಯಾಂಪನ್ನೂ ಒಂದೇ ಕಾಲಿಗೆ ಹಾಕಿ, ತೂಗುಗುಂಡಿನಿಂದ ನೆಟ್ಟಗಿದೆಯೇ ನೋಡಿ. ಓರೆಯಾದರೆ ಎರಡು ಕಾಲುಗಳ ದ್ರವಮಟ್ಟದ ಅಂತರ ಬದಲಾಗಿ, ನೂಕುವ ಒತ್ತಡವೇ ಕಡಿಮೆಯಾಗುತ್ತದೆ.

ಪಿಪೆಟ್ಟಿನಿಂದ ಅಗಲವಾದ ಕಾಲಿಗೆ ನೀರು ಹಾಕಿ. ಎಷ್ಟು ಎಂಬುದು ನಿಮ್ಮ ಟ್ಯೂಬಿನ ಗಾತ್ರದ ಮೇಲೆ ನಿಂತಿದೆ. 15 ಮಿ.ಲೀ. ಹಾಕಿದರೆ ಮಾದರಿಯನ್ನೂ 15 ಮಿ.ಲೀ.ಯೇ ಹಾಕಬೇಕು. 25°ಯ ಬಾತ್‌ನಲ್ಲಿ 10ರಿಂದ 15 ನಿಮಿಷ ಬಿಡಿ, ಬಾತ್ 0.1° ಒಳಗೆ ನಿಂತಿರಲಿ. ರಬ್ಬರ್ ಬಲ್ಬಿನಿಂದ ದ್ರವವನ್ನು ಮೇಲಿನ ಗುರುತು ದಾಟುವವರೆಗೆ ಎಳೆದು ಬಿಡಿ, ಬಾಯಿಂದ ಎಳೆಯಬೇಡಿ. ಮಟ್ಟ ಮೇಲಿನ ಗುರುತು ಮುಟ್ಟಿದಾಗ ಗಡಿಯಾರ ಒತ್ತಿ, ಕೆಳಗಿನದಕ್ಕೆ ಬಂದಾಗ ನಿಲ್ಲಿಸಿ. ಕಣ್ಣು ಗುರುತಿನ ಮಟ್ಟದಲ್ಲೇ ಇರಬೇಕು. ಮೂರು ಓದುಗಳು ಒಂದಕ್ಕೊಂದು ಹತ್ತಿರ ಬರುವವರೆಗೆ ಮುಂದುವರಿಯಿರಿ. ಓದುಗಳು ಒಂದೇ ದಿಕ್ಕಿನಲ್ಲಿ ಇಳಿಯುತ್ತಿದ್ದರೆ ದ್ರವ ಇನ್ನೂ ಬಿಸಿಯಾಗುತ್ತಿದೆ ಎಂದರ್ಥ. ಹಿಂದುಮುಂದು ಜಿಗಿಯುತ್ತಿದ್ದರೆ ಗುಳ್ಳೆಯನ್ನೋ ಧೂಳಿನ ಎಳೆಯನ್ನೋ ಹುಡುಕಿ.

ಸಾಂದ್ರತೆಯನ್ನು 25 ಮಿ.ಲೀ. ಸ್ಪೆಸಿಫಿಕ್ ಗ್ರ್ಯಾವಿಟಿ ಬಾಟಲಿಯಲ್ಲಿ, ಅದೇ ಉಷ್ಣತೆಯಲ್ಲಿ ತೆಗೆಯಿರಿ. ಲೆಕ್ಕ:

ಮಾದರಿಯ ವಿಸ್ಕಾಸಿಟಿ = ನೀರಿನ ವಿಸ್ಕಾಸಿಟಿ × (ಮಾದರಿಯ ಸಾಂದ್ರತೆ × ಮಾದರಿಯ ಸಮಯ) ÷ (ನೀರಿನ ಸಾಂದ್ರತೆ × ನೀರಿನ ಸಮಯ)

ಉದಾಹರಣೆಗೆ, 25°ಯಲ್ಲಿ ನೀರಿಗೆ 105.0 ಸೆಕೆಂಡು, ತೂಕದ ಶೇ. 20ರ ಗ್ಲಿಸರಿನ್ ದ್ರಾವಣಕ್ಕೆ 173.3 ಸೆಕೆಂಡು ಹಿಡಿಯಿತು ಎನ್ನಿ. ಸಾಂದ್ರತೆಗಳು 0.997 ಮತ್ತು 1.045. ಹಾಗಾದರೆ 0.890 × (1.045 × 173.3) ÷ (0.997 × 105.0) = 1.54 ಮಿಲಿಪಾಸ್ಕಲ್-ಸೆಕೆಂಡ್.

ನೀರಿಗೂ ಮಾದರಿಗೂ ಒಂದೇ ಪ್ರಮಾಣ ಏಕೆ?

ಹರಿವಿಗೆ ಒತ್ತಡ ಕೊಡುವುದು ಎರಡು ಕಾಲುಗಳ ಮಟ್ಟದ ವ್ಯತ್ಯಾಸ. ಪ್ರಮಾಣ ಬದಲಾದರೆ ಆ ವ್ಯತ್ಯಾಸವೂ ಬದಲಾಗುತ್ತದೆ, ಮೇಲಿನ ಸೂತ್ರ ಬಿದ್ದುಹೋಗುತ್ತದೆ. ಉಬ್ಬೆಲೋಡ್ ಟ್ಯೂಬಿನಲ್ಲಿ ಮೂರನೇ ಕಾಲು ಇರುವುದರಿಂದ ಕ್ಯಾಪಿಲರಿಯ ಕೆಳತುದಿ ಗಾಳಿಗೆ ತೆರೆದುಕೊಳ್ಳುತ್ತದೆ, ಕೆಳಗೆ ಎಷ್ಟು ದ್ರವವಿದೆ ಎಂಬುದು ಮುಖ್ಯವಾಗುವುದಿಲ್ಲ. ಪಾಲಿಮರ್ ದ್ರಾವಣವನ್ನು ಟ್ಯೂಬಿನೊಳಗೇ ಹಂತಹಂತವಾಗಿ ತೆಳು ಮಾಡಿ ಅಳೆಯಲು ಇದಕ್ಕೇ ಅದು ಅನುಕೂಲ.

ಅದೇ ಟ್ಯೂಬಿನಲ್ಲಿ ಶುದ್ಧ ಗ್ಲಿಸರಿನ್ ಅಳೆಯಬಹುದೇ?

ಅಳೆಯಬಹುದು, ಒಂದು ಹಗಲು ಒಂದು ರಾತ್ರಿ ಕಾಯುವುದಾದರೆ. 25°ಯಲ್ಲಿ ಗ್ಲಿಸರಿನ್ನಿನದು ಸುಮಾರು 950. ನೀರಿಗೆ 105 ಸೆಕೆಂಡು ಹಿಡಿದ ಟ್ಯೂಬಿನಲ್ಲಿ ಅದಕ್ಕೆ 24 ಗಂಟೆಗಿಂತ ಹೆಚ್ಚು ಬೇಕು. ದೊಡ್ಡ ರಂಧ್ರದ ಟ್ಯೂಬು, ಬೀಳುವ ಗುಂಡಿನ ವಿಸ್ಕೋಮೀಟರ್, ಇಲ್ಲವೇ ದ್ರವದಲ್ಲಿ ಸ್ಪಿಂಡಲ್ ತಿರುಗಿಸಿ ತಡೆಯನ್ನು ಅಳೆಯುವ ಬ್ರೂಕ್‌ಫೀಲ್ಡ್ ವಿಸ್ಕೋಮೀಟರ್ ಹಿಡಿಯಿರಿ. ಹಾಗೆಯೇ ತೀರಾ ಬೇಗ ಇಳಿಯುವ ಟ್ಯೂಬೂ ಬೇಡ: ವೇಗ ಹೆಚ್ಚಾದಾಗ ಒತ್ತಡದ ಒಂದು ಪಾಲು ಘರ್ಷಣೆಗೆ ಹೋಗದೆ ಚಲನಶಕ್ತಿಗೆ ಹೋಗುತ್ತದೆ, ಸೂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ನ್ಯೂಟೋನಿಯನ್, ನಾನ್-ನ್ಯೂಟೋನಿಯನ್ ಎಂದು ಬೇರೆ ಮಾಡುವುದು ಹೇಗೆ?

ಬೇರೆ ಬೇರೆ ಶಿಯರ್ ರೇಟಿನಲ್ಲಿ ಅಳೆದು ನೋಡಿ. ಅಂಕಿ ಒಂದೇ ಬಂದರೆ ನ್ಯೂಟೋನಿಯನ್: ನೀರು, ಗ್ಲಿಸರಿನ್, ಸಕ್ಕರೆ ಪಾಕ, ಹರಳೆಣ್ಣೆ. ಬದಲಾದರೆ ನಾನ್-ನ್ಯೂಟೋನಿಯನ್, ಔಷಧಿಗಳಲ್ಲಿ ಹೆಚ್ಚಿನವು ಇವೇ.

ಸೂಡೋಪ್ಲಾಸ್ಟಿಕ್ ದ್ರವ ಕಲಕಿದಷ್ಟೂ ತೆಳುವಾಗುತ್ತದೆ. ಸೋಡಿಯಂ ಆಲ್ಜಿನೇಟ್, ಮಿಥೈಲ್‌ಸೆಲ್ಯುಲೋಸ್, ಸಿಎಂಸಿ (ಕಾರ್ಬಾಕ್ಸಿಮಿಥೈಲ್‌ಸೆಲ್ಯುಲೋಸ್) ದ್ರಾವಣಗಳಲ್ಲಿ ಸಿಕ್ಕುಸಿಕ್ಕಾಗಿದ್ದ ಉದ್ದನೆಯ ಅಣುಗಳು ಹರಿವಿನ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಪ್ಲಾಸ್ಟಿಕ್ ಬಗೆಯದು ಒಂದು ಕನಿಷ್ಠ ಬಲ, ಅಂದರೆ ಯೀಲ್ಡ್ ವ್ಯಾಲ್ಯೂ, ದಾಟುವವರೆಗೆ ಕದಲುವುದೇ ಇಲ್ಲ. ಗಟ್ಟಿಯಾದ ಫ್ಲಾಕ್ಯುಲೇಟೆಡ್ ಸಸ್ಪೆನ್ಷನ್, ಅಂದರೆ ದ್ರವದಲ್ಲಿ ಕರಗದ ಕಣಗಳು ಸಡಿಲ ಗುಂಪುಗಳಾಗಿ ಕೂಡಿಕೊಂಡಿರುವುದು, ಹೀಗೆ. ಬ್ರಷ್ಷಿನ ಮೇಲೆ ಟೂತ್‌ಪೇಸ್ಟ್ ಹಾಕಿದ ಆಕಾರದಲ್ಲೇ ಕೂರುವುದೂ ಇದರಿಂದಲೇ. ಡೈಲೇಟೆಂಟ್ ಬಗೆ ವಿರುದ್ಧ: ಬಿಡಿಬಿಡಿ ಸಣ್ಣ ಕಣಗಳು ಅರ್ಧಕ್ಕಿಂತ ಹೆಚ್ಚು ತುಂಬಿರುವ ಸಸ್ಪೆನ್ಷನ್ನನ್ನು ಜೋರಾಗಿ ಕಲಕಿದರೆ ಕಣಗಳ ನಡುವಿನ ಖಾಲಿ ಜಾಗ ಹಿಗ್ಗುತ್ತದೆ, ಅದನ್ನು ತುಂಬಲು ದ್ರವ ಸಾಲುವುದಿಲ್ಲ, ಇಡೀ ರಾಶಿ ಬಿಗಿಯುತ್ತದೆ. ಕಾರ್ಖಾನೆಯಲ್ಲಿ ಇಂಥದ್ದನ್ನು ಹೈ-ಸ್ಪೀಡ್ ಮಿಕ್ಸರಿಗೆ ಹಾಕಿದರೆ ಮೋಟರ್ ಓವರ್‌ಲೋಡ್ ಆಗುತ್ತದೆ. ವೇಗ ಇಳಿಸಿದರೆ ಮತ್ತೆ ಕಲಸಲು ಬರುತ್ತದೆ.

ಆಸ್ಟ್‌ವಾಲ್ಡ್ ಟ್ಯೂಬು ಒಂದು ಸ್ಥಿತಿಯ ಓದು ಮಾತ್ರ ಕೊಡುವುದರಿಂದ ನಾನ್-ನ್ಯೂಟೋನಿಯನ್ ದ್ರವಕ್ಕೆ ಅದು ಸಲ್ಲದು.

ಬ್ರೂಕ್‌ಫೀಲ್ಡ್‌ನಲ್ಲಿ ಒಂದೇ ಜೆಲ್‌ಗೆ ಇಬ್ಬರಿಗೆ ಎರಡು ಅಂಕಿ ಬಂತು. ಯಾವುದು ಸರಿ?

ಎರಡೂ ಸರಿ ಇರಬಹುದು. ಬ್ರೂಕ್‌ಫೀಲ್ಡಿನ ಆರ್‌ವಿ ಎಂಬ ಮಾಡೆಲ್‌ನಲ್ಲಿ 6ನೇ ಸ್ಪಿಂಡಲ್, 10 ಆರ್‌ಪಿಎಂ, ಡಯಲ್ ಓದು 42 ಎನ್ನಿ. ಡಯಲ್ ಓದನ್ನು ಗುಣಿಸಬೇಕಾದ ಫ್ಯಾಕ್ಟರ್ ಇಲ್ಲಿ 1,000, ಹಾಗಾಗಿ 42,000 ಸೆಂಟಿಪಾಯ್ಸ್. ಅದೇ ಸ್ಪಿಂಡಲ್ 20 ಆರ್‌ಪಿಎಂನಲ್ಲಿ 56 ತೋರಿಸಿದರೆ, ಫ್ಯಾಕ್ಟರ್ 500, ಉತ್ತರ 28,000. ಜೆಲ್ ಸೂಡೋಪ್ಲಾಸ್ಟಿಕ್, ಅಷ್ಟೇ. ಅದಕ್ಕೇ ರೆಕಾರ್ಡಿನಲ್ಲಿ ಉಪಕರಣದ ಮಾಡೆಲ್, ಸ್ಪಿಂಡಲ್ ಸಂಖ್ಯೆ, ಆರ್‌ಪಿಎಂ, ಉಷ್ಣತೆ, ಎಷ್ಟು ಹೊತ್ತು ತಿರುಗಿದ ಮೇಲೆ ಓದಿದ್ದು, ಪಾತ್ರೆಯ ಗಾತ್ರ ಇಷ್ಟೂ ಇರಬೇಕು. ಬರೀ '42,000 ಸೆಂಟಿಪಾಯ್ಸ್' ಎಂದು ಬರೆದ ರಿಪೋರ್ಟನ್ನು ಇನ್ನೊಂದು ಲ್ಯಾಬಿನವರು ಪರಿಶೀಲಿಸಲು ಸಾಧ್ಯವೇ ಇಲ್ಲ.

ಟಾರ್ಕ್, ಅಂದರೆ ಡಯಲ್ ಓದು, ಶೇ. 10ರಿಂದ 100ರ ನಡುವೆ ಇರಲಿ. ಉಪಕರಣದ ದೋಷ ಪೂರ್ಣ ಅಳತೆಯ ಶೇ. 1. ಮೇಲಿನ ಉದಾಹರಣೆಯಲ್ಲಿ ಅದು 1,000: 42,000ಕ್ಕೆ ಅದು ಲೆಕ್ಕಕ್ಕಿಲ್ಲ, ಆದರೆ ಡಯಲ್ 8 ತೋರಿಸುವಾಗ 8,000ದಲ್ಲಿ 1,000 ಎಂದರೆ ಎಂಟನೇ ಒಂದು ಭಾಗ. ಓದು ಕೆಳಗಿದ್ದರೆ ದೊಡ್ಡ ಸ್ಪಿಂಡಲ್ ಹಾಕಿ ಅಥವಾ ವೇಗ ಏರಿಸಿ.

ಸ್ಪಿಂಡಲ್ ಜೋಡಿಸುವಾಗ ಶಾಫ್ಟನ್ನು ಬೆರಳಲ್ಲಿ ಸ್ವಲ್ಪ ಮೇಲೆತ್ತಿ ಹಿಡಿಯಿರಿ, ಇಲ್ಲವಾದರೆ ಒಳಗಿನ ಪಿವೋಟ್ ಹಾಳಾಗುತ್ತದೆ. ಸ್ಪಿಂಡಲಿನ ಮರೆ (ಥ್ರೆಡ್) ಎಡಗೈಯದು, ಸಾಮಾನ್ಯ ಸ್ಕ್ರೂ ತಿರುಗಿಸುವ ದಿಕ್ಕಿಗೆ ಬಿಗಿಯಲು ಹೋಗಬೇಡಿ. ಬಿಲ್ಲೆಯಂಥ ಸ್ಪಿಂಡಲನ್ನು ಓರೆಯಾಗಿ ಇಳಿಸಿ, ನೇರ ಇಳಿಸಿದರೆ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಸ್ಪಿಂಡಲಿನ ಕಾಂಡದಲ್ಲಿ ಕೊರೆದ ಗುರುತಿನವರೆಗೆ ಮುಳುಗಿಸಿ. ಫ್ಯಾಕ್ಟರ್‌ಗಳು 600 ಮಿ.ಲೀ. ಬೀಕರಿಗೆ ಹೊಂದಿಸಿದವು, 50 ಮಿ.ಲೀ. ಬೀಕರಿನಲ್ಲಿ ಗೋಡೆ ಹತ್ತಿರವಾಗಿ ಅಂಕಿ ಏರುತ್ತದೆ. ಗಟ್ಟಿ ಮುಲಾಮಿನಲ್ಲಿ ಸ್ಪಿಂಡಲ್ ತಾನೇ ಕೊರೆದ ಗುಂಡಿಯಲ್ಲಿ ಸುಮ್ಮನೆ ತಿರುಗುತ್ತಿರುತ್ತದೆ. ಅಲ್ಲಿ ಟಿ-ಬಾರ್ ಹಾಕಿ, ತಿರುಗುತ್ತಲೇ ನಿಧಾನ ಇಳಿಯುವ ಹೆಲಿಪಾತ್ ಸ್ಟ್ಯಾಂಡ್ ಬಳಸಬೇಕು.

ಥಿಕ್ಸೋಟ್ರೋಪಿ ಮತ್ತು ಸೂಡೋಪ್ಲಾಸ್ಟಿಕ್ ಒಂದೇ ಅಲ್ಲವೇ?

ಎರಡರಲ್ಲೂ ಕಲಕಿದರೆ ತೆಳುವಾಗುತ್ತದೆ, ವ್ಯತ್ಯಾಸ ಇರುವುದು ಸಮಯದಲ್ಲಿ. ಕಲಕುವುದು ನಿಂತ ಕೂಡಲೇ ಬರೀ ಸೂಡೋಪ್ಲಾಸ್ಟಿಕ್ ದ್ರವ ಹಳೆಯ ಸ್ಥಿತಿಗೆ ಬರುತ್ತದೆ. ಥಿಕ್ಸೋಟ್ರೋಪಿಕ್ ಆದದ್ದು ಒಳಗಿನ ರಚನೆಯನ್ನು ಮತ್ತೆ ಕಟ್ಟಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಹಾಗಾಗಿ ವೇಗ ಏರಿಸುತ್ತಾ, ಮತ್ತೆ ಇಳಿಸುತ್ತಾ ಗ್ರಾಫ್ ಬರೆದರೆ ಎರಡು ಗೆರೆಗಳ ನಡುವೆ ಹಿಸ್ಟೆರಿಸಿಸ್ ಲೂಪ್ ಕಾಣುತ್ತದೆ. ಬೆಂಟೊನೈಟ್ ಜೆಲ್ ಇದಕ್ಕೆ ಸುಲಭದ ಮಾದರಿ.

ಇದರ ಅತ್ಯುತ್ತಮ ಬಳಕೆ ಎಂದರೆ ಪ್ರೊಕೇನ್ ಪೆನಿಸಿಲಿನ್ ಜಿ ಚುಚ್ಚುಮದ್ದು. ಶೇ. 40ರಿಂದ 70ರವರೆಗೆ ಔಷಧ ತುಂಬಿದ ಈ ಸಸ್ಪೆನ್ಷನ್ ಬಾಟಲಿಯಲ್ಲಿ ಗಟ್ಟಿ. ಅಲ್ಲಾಡಿಸಿ ಸೂಜಿಯಲ್ಲಿ ನೂಕಿದಾಗ ರಚನೆ ಮುರಿದು ಹರಿಯುತ್ತದೆ. ಸ್ನಾಯುವಿನೊಳಗೆ ಹೋದ ಮೇಲೆ ಮತ್ತೆ ಗಟ್ಟಿಯಾಗಿ ಅಲ್ಲೇ ಕೂತು ಔಷಧವನ್ನು ನಿಧಾನ ಬಿಡುತ್ತದೆ.

ಪ್ರಯೋಗದಲ್ಲಿ ತಪ್ಪಾಗುವುದು ಇಲ್ಲಿ: ಒಬ್ಬರು ಜೆಲ್ಲನ್ನು ಬೀಕರಿಗೆ ಸುರಿದ ತಕ್ಷಣ ಅಳೆಯುತ್ತಾರೆ, ಇನ್ನೊಬ್ಬರು ಊಟ ಮುಗಿಸಿ ಬಂದು ಅಳೆಯುತ್ತಾರೆ. ವಿಶ್ರಾಂತಿಯ ಸಮಯ ಎಲ್ಲ ಮಾದರಿಗೂ ಒಂದೇ ಇರಲಿ.

ಸಸ್ಪೆನ್ಷನ್ನಿನ ಕಣಗಳು ತಳಕ್ಕೆ ಇಳಿಯದಿರಲು ಎಷ್ಟು ದಪ್ಪ ಮಾಡಬೇಕು?

ಸ್ಟೋಕ್ಸ್ ನಿಯಮದಿಂದ ಅಂದಾಜು ಸಿಗುತ್ತದೆ. ಕಣ ಇಳಿಯುವ ವೇಗ, ಅದರ ವ್ಯಾಸದ ವರ್ಗ × ಕಣ ಮತ್ತು ದ್ರವದ ಸಾಂದ್ರತೆಯ ಅಂತರ × ಗುರುತ್ವ, ಇದನ್ನು 18 × ವಿಸ್ಕಾಸಿಟಿಯಿಂದ ಭಾಗಿಸಿದಷ್ಟು. 10 ಮೈಕ್ರಾನ್ ಪ್ಯಾರಾಸಿಟಮಾಲ್ ಕಣ, ಸಾಂದ್ರತೆ 1.29, ದ್ರವ ಬರೀ ನೀರು ಎಂದಿಟ್ಟುಕೊಳ್ಳಿ. ಗಂಟೆಗೆ ಸುಮಾರು 5.7 ಸೆಂ.ಮೀ. ಇಳಿಯುತ್ತದೆ, ಅಂದರೆ ಎರಡು ಗಂಟೆಯೊಳಗೆ ಕಣಗಳೆಲ್ಲ ಬಾಟಲಿಯ ತಳ ಸೇರಿದವು. ಕಣವನ್ನು 5 ಮೈಕ್ರಾನಿಗೆ ಅರೆದರೆ ವೇಗ ಕಾಲು ಭಾಗ, 1.4 ಸೆಂ.ಮೀ. ಅರೆಯದೆ ವಿಸ್ಕಾಸಿಟಿಯನ್ನು 100 ಪಟ್ಟು ಏರಿಸಿದರೆ ಗಂಟೆಗೆ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು.

ಈ ಲೆಕ್ಕ ಕಣಗಳು ಒಂದಕ್ಕೊಂದು ಅಡ್ಡ ಬರದಷ್ಟು ವಿರಳವಾಗಿದ್ದಾಗ, ಸರಿಸುಮಾರು ಶೇ. 2ಕ್ಕಿಂತ ಕಡಿಮೆ ಘನ ಇದ್ದಾಗ, ನಿಜ. ಮಾರುಕಟ್ಟೆಯ ಸಸ್ಪೆನ್ಷನ್ನುಗಳು ಇದಕ್ಕಿಂತ ಗಟ್ಟಿ.

ಹಾಗೆಂದು ಸುಮ್ಮನೆ ದಪ್ಪ ಮಾಡುತ್ತಾ ಹೋದರೆ ಚಮಚಕ್ಕೆ ಸುರಿಯುವುದಿಲ್ಲ, ಬಾಟಲಿಯ ಗೋಡೆಯಲ್ಲೇ ಒಂದು ಡೋಸು ಉಳಿಯುತ್ತದೆ. ಬೇಕಾದ್ದು ನಿಂತಾಗ ದಪ್ಪ, ಅಲ್ಲಾಡಿಸಿದಾಗ ತೆಳು. ಕಣ ಇಳಿಯುವಾಗಿನ ಶಿಯರ್ ರೇಟ್ ಒಂದಕ್ಕಿಂತ ಬಹಳ ಕಡಿಮೆ, ಸುರಿಯುವಾಗ ಹತ್ತಾರು. ಸೂಡೋಪ್ಲಾಸ್ಟಿಕ್ ಆದ ಕ್ಸಾಂಥನ್ ಗಮ್ ಶೇ. 0.2ರಿಂದ 0.5ರಷ್ಟು ಹಾಕಿದರೆ ಎರಡೂ ಕೆಲಸ ಆಗುತ್ತದೆ. ಸಕ್ಕರೆ ಪಾಕ ಒಂದರಿಂದಲೇ ಆಗುವುದಿಲ್ಲ, ಅದು ನ್ಯೂಟೋನಿಯನ್.

ಸಣ್ಣ ಸೂಜಿಯಲ್ಲಿ ಎಣ್ಣೆ ಇಂಜೆಕ್ಷನ್ ಏಕೆ ಹೋಗುವುದಿಲ್ಲ?

ಪ್ವಾಸೆಯ್ ಸಮೀಕರಣದಲ್ಲಿ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಪ್ವಾಸೆಯ್ ಫ್ರಾನ್ಸಿನ ವೈದ್ಯ, ರಕ್ತದ ಹರಿವು ಅರಿಯಲು ಸಣ್ಣ ಗಾಜಿನ ಕೊಳವೆಗಳಲ್ಲಿ ಪ್ರಯೋಗ ಮಾಡಿದವನು. ಪಾಯ್ಸ್ ಎಂಬ ಮಾನಕ್ಕೆ ಅವನದೇ ಹೆಸರು. 21 ಗೇಜ್ ಸೂಜಿಯ ಒಳವ್ಯಾಸ ಸುಮಾರು 0.51 ಮಿ.ಮೀ., 25 ಗೇಜಿನದು 0.26. ವ್ಯಾಸ ಹೆಚ್ಚುಕಡಿಮೆ ಅರ್ಧ, ಆದರೆ ಒಂದೇ ವೇಗದಲ್ಲಿ ನೂಕಲು ಬೇಕಾದ ಒತ್ತಡ ಸುಮಾರು 15 ಪಟ್ಟು. ಸೂಜಿಯ ಉದ್ದ ಇಮ್ಮಡಿಯಾದರೆ ಒತ್ತಡವೂ ಬರೀ ಇಮ್ಮಡಿ. ಹಾಗಾಗಿ ಗಟ್ಟಿ ಔಷಧಕ್ಕೆ ಗೇಜ್ ಬದಲಿಸುವುದೇ ಮೊದಲ ದಾರಿ. ಎಣ್ಣೆಯನ್ನು ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡುವುದು ಎರಡನೆಯದು.

23 ಗೇಜಿನಲ್ಲಿ, ಒಳವ್ಯಾಸ 0.34 ಮಿ.ಮೀ., 5 ಸೆಕೆಂಡಿಗೆ 1 ಮಿ.ಲೀ. ನೂಕಿದರೆ ಗೋಡೆಯ ಬಳಿ ಶಿಯರ್ ರೇಟ್ ಪ್ರತಿ ಸೆಕೆಂಡಿಗೆ 50,000 ದಾಟುತ್ತದೆ. ಲ್ಯಾಬಿನ ಬ್ರೂಕ್‌ಫೀಲ್ಡ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. 10 ಆರ್‌ಪಿಎಂ ಓದು ನೋಡಿ 'ಈ ಸಸ್ಪೆನ್ಷನ್ ಸೂಜಿಯಲ್ಲಿ ಹೋಗದು' ಎಂದು ತೀರ್ಮಾನಿಸಬೇಡಿ. ಸಿರಿಂಜಿಗೆ ತುಂಬಿ ನೂಕಿಯೇ ಪರೀಕ್ಷಿಸಬೇಕು.

ರೆನಾಲ್ಡ್ಸ್ ಸಂಖ್ಯೆಯಿಂದ ಕಾರ್ಖಾನೆಯಲ್ಲಿ ಏನು ಉಪಯೋಗ?

ಸಾಂದ್ರತೆ × ವೇಗ × ಪೈಪಿನ ವ್ಯಾಸ ÷ ವಿಸ್ಕಾಸಿಟಿ. ಮಾನವಿಲ್ಲದ ಸಂಖ್ಯೆ. ಸುಮಾರು 2,100ರ ಕೆಳಗೆ ಪದರಪದರವಾಗಿ ಹರಿಯುವ ಲ್ಯಾಮಿನಾರ್, 4,000 ದಾಟಿದರೆ ಸುಳಿಗಳಿರುವ ಟರ್ಬ್ಯುಲೆಂಟ್, ನಡುವಿನದು ಎರಡೂ ಅಲ್ಲ. 38 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ನೀರಿಗೆ ಇದು ಸುಮಾರು 38,000. ಅದೇ ಪೈಪು, ಅದೇ ವೇಗ, ಶೇ. 66.7ರ ಸಿಂಪಲ್ ಸಿರಪ್ ಹಾಕಿ: ವಿಸ್ಕಾಸಿಟಿ 20°ಯಲ್ಲಿ ಸುಮಾರು 200, ಸಾಂದ್ರತೆ 1.32, ಸಂಖ್ಯೆ 250ರ ಆಸುಪಾಸು.

ಇದರಿಂದ ತಿಳಿಯುವುದು: ಸಿರಪ್ ಪೈಪಿನಲ್ಲಿ ಬಣ್ಣ, ಫ್ಲೇವರ್ ಸೇರಿಸಿ 'ಹರಿಯುವಾಗ ತಾನೇ ಬೆರೆಯುತ್ತದೆ' ಎಂದು ಕೂರುವಂತಿಲ್ಲ, ಟ್ಯಾಂಕಿನಲ್ಲೇ ಕಲಸಬೇಕು. ಶುದ್ಧ ನೀರಿನ ಲೂಪಿನಲ್ಲಿ ಬೇಕಾಗಿರುವುದು ಟರ್ಬ್ಯುಲೆಂಟ್ ಹರಿವೇ, ನೀರು ನಿಧಾನವಾದರೆ ಗೋಡೆಯಲ್ಲಿ ಬಯೋಫಿಲ್ಮ್, ಅಂದರೆ ಸೂಕ್ಷ್ಮಜೀವಿಗಳ ಲೋಳೆಪದರ, ಕಟ್ಟುತ್ತದೆ.

ಜೆಲ್ ಗಂಟುಗಂಟಾಯಿತು, ಇಲ್ಲವೇ ನೀರಾಯಿತು. ಏಕೆ?

ಗಂಟಿಗೆ ಕಾರಣ ಪುಡಿಯನ್ನು ಒಮ್ಮೆಲೇ ನೀರಿಗೆ ಸುರಿದದ್ದು. ಹೊರಮೈ ನೆನೆದು ಅಂಟಾಗಿ ಒಳಗಿನ ಪುಡಿಗೆ ನೀರು ಹೋಗದಂತೆ ಮುಚ್ಚುತ್ತದೆ. ಕ್ಸಾಂಥನ್, ಸಿಎಂಸಿಗಳನ್ನು ಮೊದಲು ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಕದಡಿ, ಆಮೇಲೆ ನೀರಿಗೆ ಹಾಕಿ. ಎಚ್‌ಪಿಎಂಸಿ (ಹೈಡ್ರಾಕ್ಸಿಪ್ರೊಪಿಲ್ ಮಿಥೈಲ್‌ಸೆಲ್ಯುಲೋಸ್), ಮಿಥೈಲ್‌ಸೆಲ್ಯುಲೋಸ್‌ಗಳಿಗೆ ದಾರಿ ಬೇರೆ: ಬೇಕಾದ ನೀರಿನ ಮೂರನೇ ಒಂದು ಭಾಗವನ್ನು 80ರಿಂದ 90°ಗೆ ಕಾಯಿಸಿ ಅದರಲ್ಲಿ ಪುಡಿ ಹರಡಿ, ಉಳಿದದ್ದನ್ನು ತಣ್ಣೀರಾಗಿ ಸೇರಿಸಿ. ಇವು ಬಿಸಿನೀರಿನಲ್ಲಿ ಕರಗುವುದಿಲ್ಲ, ತಣಿದಾಗ ಕರಗುತ್ತವೆ.

ಕಾರ್ಬೊಮರ್ ಎಂಬ ಪಾಲಿಮರಿನ ಜೆಲ್ ನೀರಾದರೆ ಮೊದಲು ಪಿಎಚ್ ನೋಡಿ. ಶೇ. 0.5ರಿಂದ 1ರಷ್ಟು ಕಾರ್ಬೊಮರ್ ನೀರಿನಲ್ಲಿ ಹುಳಿಯಾದ, ತೆಳುವಾದ ದ್ರವ. ಟ್ರೈಎಥನಾಲಮೈನ್ ಎಂಬ ಕ್ಷಾರವನ್ನು ಹನಿಹನಿಯಾಗಿ ಹಾಕಿ ಪಿಎಚ್ 6-7ಕ್ಕೆ ತಂದಾಗ ಅಣುಗಳು ಬಿಚ್ಚಿಕೊಂಡು ಜೆಲ್ ಆಗುತ್ತದೆ. ಆದ ಜೆಲ್‌ಗೆ ಉಪ್ಪು ಅಥವಾ ಔಷಧದ ಲವಣರೂಪ ಸೇರಿಸಿದರೆ ಮತ್ತೆ ಕುಸಿಯುತ್ತದೆ. ಡೈಕ್ಲೋಫೆನಾಕ್ ಸೋಡಿಯಂ ಜೆಲ್ ಮಾಡುವವರು ಎಡವುವುದು ಇಲ್ಲೇ. ಟ್ರೈಎಥನಾಲಮೈನ್ ಹಾಕುವ ಮೊದಲೇ ಗಾಳಿಗುಳ್ಳೆ ಹೋಗಲು ಬಿಡಿ. ಜೆಲ್ ಆದ ಮೇಲೆ ಅವು ಯೀಲ್ಡ್ ವ್ಯಾಲ್ಯೂ ದಾಟಲಾರದೆ ಅಲ್ಲೇ ನಿಲ್ಲುತ್ತವೆ.

ಎಚ್‌ಪಿಎಂಸಿ ಡಬ್ಬಿಯ ಮೇಲಿನ ಕೆ4ಎಂ, ಕೆ100ಎಂ, ಇ5 ಏನು?

ಅಂಕಿ ಹೇಳುವುದು 20°ಯಲ್ಲಿ ಶೇ. 2ರ ದ್ರಾವಣದ ವಿಸ್ಕಾಸಿಟಿ. ಕೆ4ಎಂ ಎಂದರೆ 4,000, ಕೆ100ಎಂ ಎಂದರೆ 1,00,000, ಇ5 ಎಂದರೆ 5 ಮಿಲಿಪಾಸ್ಕಲ್-ಸೆಕೆಂಡ್. 'ಎಂ' ಸಾವಿರಕ್ಕೆ. ಮಾತ್ರೆಯ ಕೋಟಿಂಗಿಗೆ ಇ5, ಇ15. ನಿಧಾನ ಬಿಡುಗಡೆಯ ಮ್ಯಾಟ್ರಿಕ್ಸಿಗೆ ಕೆ ಸರಣಿ. ಕೋಟಿಂಗಿಗೆ ತಪ್ಪಿ ಕೆ4ಎಂ ತೂಗಿದರೆ ಸ್ಪ್ರೇ ಗನ್ನಿನ ನಾಝಲ್ ಕಟ್ಟಿಕೊಳ್ಳುತ್ತದೆ.

ವೆಂಚುರಿ, ಆರಿಫಿಸ್, ರೋಟಾಮೀಟರ್: ಯಾವಾಗ ಯಾವುದು?

ಮೂರೂ ಪೈಪಿನಲ್ಲಿ ಹರಿವಿನ ಪ್ರಮಾಣ ಅಳೆಯುವ ಮೀಟರುಗಳು. ನಡುವೆ ರಂಧ್ರವಿರುವ ಆರಿಫಿಸ್ ಪ್ಲೇಟ್ ಅಗ್ಗ, ಜೋಡಿಸಲು ಸುಲಭ, ಆದರೆ ಕಳೆದುಕೊಂಡ ಒತ್ತಡದಲ್ಲಿ ಹೆಚ್ಚಿನದು ಮರಳಿ ಬರುವುದಿಲ್ಲ. ಅದರ ಡಿಸ್ಚಾರ್ಜ್ ಕೋಎಫಿಶಿಯೆಂಟ್, ಅಂದರೆ ನಿಜವಾದ ಹರಿವು ÷ ಲೆಕ್ಕದ ಹರಿವು, ಸುಮಾರು 0.61. ನಿಧಾನವಾಗಿ ಕಿರಿದಾಗಿ ಮತ್ತೆ ಅಗಲವಾಗುವ ಕೊಳವೆಯಾದ ವೆಂಚುರಿ ದುಬಾರಿ, ಉದ್ದ, ಒತ್ತಡ ಉಳಿಸುತ್ತದೆ, ಕೋಎಫಿಶಿಯೆಂಟ್ 0.98ರ ಹತ್ತಿರ. ಮೇಲಕ್ಕೆ ಅಗಲವಾಗುವ ಕೊಳವೆಯಲ್ಲಿ ಫ್ಲೋಟ್ ಏರಿಳಿಯುವ ರೋಟಾಮೀಟರನ್ನು ಕಣ್ಣಿನಿಂದಲೇ ಓದಬಹುದು, ಸಾಮಾನ್ಯವಾಗಿ ಫ್ಲೋಟಿನ ಅತಿ ಅಗಲವಾದ ಅಂಚಿನಲ್ಲಿ. ಕಡ್ಡಾಯವಾಗಿ ನೆಟ್ಟಗಿರಬೇಕು. ನೀರಿಗೆ ಗುರುತು ಹಾಕಿದ ರೋಟಾಮೀಟರಿನಲ್ಲಿ ಸಿರಪ್ ಹರಿಸಿದರೆ ಸ್ಕೇಲಿನ ಅಂಕಿಯನ್ನು ನಂಬುವಂತಿಲ್ಲ: ಸಾಂದ್ರತೆಯೂ ವಿಸ್ಕಾಸಿಟಿಯೂ ಸೇರಿ ಫ್ಲೋಟನ್ನು ಮೇಲಕ್ಕೆ ತಳ್ಳುತ್ತವೆ, ನಿಜವಾದ ಹರಿವು ಅದಕ್ಕಿಂತ ಕಡಿಮೆ ಇರುತ್ತದೆ. ಅಳತೆ ಜಾಡಿ ಮತ್ತು ಗಡಿಯಾರ ಹಿಡಿದು ಆ ಸಿರಪ್ಪಿಗೇ ಹೊಸದಾಗಿ ಕ್ಯಾಲಿಬ್ರೇಟ್ ಮಾಡಿಕೊಳ್ಳಿ.